ಹಾಲುಕ್ಕದ ಮನೆಯ ತಾರಸಿ

ಕಂತು ಏಳು

ಕೆಮ್ಮಣ್ಣು ಸಾಕಾಗಲಿಲ್ಲ ಎಂದಳು ಮನೆಯ ಸೊಸೆ ರಕ್ಷಿತಾ.

ಮಂಜುಳಮ್ಮ ತಾರಸಿಯ ಮೇಲೆ ಸೋಲಾರ್ ಬಿಸಿನೀರಿನ ಟ್ಯಾಂಕಿನ ಸುತ್ತ ಎರಡನೇ ಸಲ ಬರುತ್ತಿದ್ದವರು ನಿಂತರು.

"ಯಾವುದಕ್ಕೆ ಸಾಕಾಗಲಿಲ್ಲ?"

"ಪ್ಯಾನೆಲ್‌ಗೆ ಆಂಟಿ. ಟ್ಯಾಂಕಿಗೆ ಪೂರ್ತಿ ಬಳಿದೆ. ಪ್ಯಾನೆಲ್ ಚೌಕಟ್ಟಿಗೆ ಮೂರು ಕಡೆ ಸುಣ್ಣ, ಕೆಮ್ಮಣ್ಣು ಎರಡೂ ಪಟ್ಟೆ ಎಳೆದೆ. ಕೆಳಗಿನ ಕಡೆಗೆ ಬರೋ ಹೊತ್ತಿಗೆ ಬರೀ ಸುಣ್ಣ ಉಳಿದಿತ್ತು."

ಪ್ಯಾನೆಲ್ ಈಗ ಅಲ್ಲಿರಲಿಲ್ಲ. ಅದನ್ನು ಕೂರಿಸಿದ್ದ ಕಬ್ಬಿಣದ ಕಾಲುಗಳು ಮಾತ್ರ ದಕ್ಷಿಣಕ್ಕೆ ಮುಖಮಾಡಿ ನಿಂತಿದ್ದವು.

ಹತ್ತು ದಿನದ ಹಿಂದೆ ಯಾದವಗಿರಿಯ ಈ ಮನೆಯ ಹಿತ್ತಲಲ್ಲಿ ಚೆಲುವರಾಜುವಿನ ಹೆಣ ಸಿಕ್ಕಿತ್ತು. ಸೋಲಾರ್ ಕೂರಿಸುವ ಕೆಲಸದವನು. ಮನೆಯವರೆಲ್ಲ ಬೇರೆ ಊರಿನ ಮಠಕ್ಕೆ ಹೋಗಿದ್ದ ಸಮಯ ನೋಡಿ ಪ್ಯಾನೆಲ್ ಕದಿಯಲು ಹತ್ತಿದ, ಕಾಲು ಜಾರಿ ಬಿದ್ದ, ಜೊತೆಗಿದ್ದವನು ಮಾಲು ಹೊತ್ತುಕೊಂಡು ಓಡಿದ. ಪೊಲೀಸರ ಲೆಕ್ಕ ಅಷ್ಟೇ. ಇವತ್ತು ಸಂಜೆ ಐದಕ್ಕೆ ಆ ಲೆಕ್ಕ ವರದಿಯಾಗಿ ಮೇಲಿನವರಿಗೆ ಹೋಗುವುದಿತ್ತು.

ಮಂಜುಳಮ್ಮ ಪೊಲೀಸರಲ್ಲ. ಮೂವತ್ತು ವರ್ಷ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಯೋಗಶಾಲೆ ನೋಡಿಕೊಂಡವರು. ನಿವೃತ್ತಿಯಾದ ಮೇಲೆ ಅಗ್ರಹಾರದಲ್ಲಿ ಸೌರ ಬಳಕೆದಾರರ ಬಳಗ ಕಟ್ಟಿದ್ದರು. ಚೆಲುವರಾಜು ಅವರಿಗೆ ಗೊತ್ತಿದ್ದ ಹುಡುಗ. ಬಳಗದ ಎಷ್ಟೋ ಮನೆಗಳಿಗೆ ಬಿಸಿನೀರು ಇಳಿಸಿದವನು ಅವನೇ.

"ಸೋಲಾರಿಗೆ ಸುಣ್ಣ ಯಾಕಮ್ಮ ಬಳಿದೆ?"

ರಕ್ಷಿತಾಳಿಗೆ ನಾಚಿಕೆಯಾಯಿತು. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಬಚ್ಚಲಿನ ಹಂಡೆ ಬೆಳಗಿ, ಪಟ್ಟೆ ಬಳಿದು ಪೂಜೆ ಮಾಡಬೇಕಲ್ಲ. ಸೋಲಾರ್ ಬಂದ ಮೇಲೆ ಹಂಡೆ ಅಟ್ಟಕ್ಕೆ ಹೋಗಿತ್ತು. ಗಂಗೆಯನ್ನು ಎಲ್ಲಿ ಕೂರಿಸುವುದು ಎಂದು ಅತ್ತೆ ಬೆಳಗಿನಿಂದ ಮುಖ ಗಂಟು ಹಾಕಿಕೊಂಡಿದ್ದರಂತೆ. ಕೊನೆಗೆ ಎಲ್ಲರೂ ತಾರಸಿ ಹತ್ತಿದರು.

ಮೆಟ್ಟಿಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅವಳ ಮಾವ ಸಿದ್ದಮಲ್ಲಪ್ಪ ನಕ್ಕರು.

"ನಮ್ಮನೆ ಗಂಗಮ್ಮನಿಗೆ ಪ್ರಮೋಷನ್ ಆಯ್ತು ಕಣಮ್ಮ. ಬಚ್ಚಲಿಂದ ಮಾಳಿಗೆಗೆ."

ಹಾಗೆಂದವರೇ ಅವತ್ತು ಪ್ಯಾನೆಲ್‌ನ ನಾಲ್ಕು ಮೂಲೆಗೂ ವಿಭೂತಿ ಎಳೆದಿದ್ದರೆಂದು ಸೊಸೆ ತಿರುಗಿಸಿ ಹೇಳಿದಳು. ಆಮೇಲೆ ಒರೆಸಿದಿರಾ ಎಂದು ಮಂಜುಳಮ್ಮ ಕೇಳಿದಾಗ ಮಾವ, ಸೊಸೆ ಇಬ್ಬರೂ ಅವರ ಮುಖ ನೋಡಿದರು. ಪೂಜೆ ಮಾಡಿದ್ದನ್ನು ಯಾರು ಒರೆಸುತ್ತಾರೆ. ಮಳೆ ಬಂದರೆ ತಾನಾಗಿ ಹೋಗುತ್ತದೆ. ಹಬ್ಬದಿಂದ ಈಚೆಗೆ ಮಳೆ ಬಂದಿರಲಿಲ್ಲ.

ಮಂಜುಳಮ್ಮ ಬಗ್ಗಿ ಪೈಪು ನೋಡಿದರು. ಪ್ಯಾನೆಲ್ ಬಿಚ್ಚಿದ ಜಾಗದಲ್ಲಿ ಎರಡು ಪೈಪುಗಳ ಬಾಯಿಗೂ ಮುಚ್ಚಳ ತಿರುಗಿಸಿ ಹಾಕಿತ್ತು. ಟ್ಯಾಂಕಿನ ನೀರು ಒಂದು ಹನಿಯೂ ಸೋರಿರಲಿಲ್ಲ. ಅಚ್ಚುಕಟ್ಟಾದ ಕೆಲಸ.

ಕದ್ದು ಓಡುವವನು ಇನ್ನೊಬ್ಬರ ಮನೆಯ ನೀರು ಸೋರದಿರಲಿ ಎಂದು ಕೂತು ಮುಚ್ಚಳ ಹಾಕುವುದಿಲ್ಲ. ತಿರುಗಿ ತಂದು ಜೋಡಿಸುವವನು ಹಾಕುತ್ತಾನೆ.

ಅವರು ತಾರಸಿಯ ಅಂಚಿಗೆ ಹೋದರು. ಹಳೆಯ ಬಂಗಲೆ, ಅಡ್ಡಗೋಡೆ ಎದೆಮಟ್ಟ ಬರುತ್ತಿತ್ತು. ಇಣುಕಿದರೆ ಕೆಳಗೆ ಕನಕಾಂಬರದ ಪಾತಿ. ಹೆಣ ಅಲ್ಲೇ ಇತ್ತು ಎಂದು ಸಿದ್ದಮಲ್ಲಪ್ಪ ಬೆರಳು ತೋರಿಸಿದರು. ಮಾಲಿ ನೋಡಿದಾಗ ಒಂದು ಗಿಡವೂ ಮುರಿದಿರಲಿಲ್ಲವಂತೆ.

ಕಾಫಿ ಕುಡಿದು ಹೋಗಿ ಎಂದರು. ಮಂಜುಳಮ್ಮ ಅಷ್ಟರಲ್ಲಿ ಮೆಟ್ಟಿಲಿಳಿಯುತ್ತಿದ್ದರು. ಗಂಟೆ ಹನ್ನೊಂದು ದಾಟಿತ್ತು.

*

ಬಳಗದ ಕಚೇರಿ ಅಗ್ರಹಾರದಲ್ಲಿ ಒಂದು ಎಣ್ಣೆ ಅಂಗಡಿಯ ಮೇಲಿತ್ತು. ಮರದ ಮೆಟ್ಟಿಲು, ಒಂದು ಕೋಣೆ, ಎರಡು ಬೀರು. ಗೋಡೆಯ ಮೇಲೆ ಮೈಸೂರಿನ ನಕ್ಷೆ. ಸೋಲಾರ್ ಬಂದ ಪ್ರತಿ ಮನೆಗೂ ಅದರಲ್ಲಿ ಒಂದು ಹಳದಿ ಚುಕ್ಕೆ. ಸಾವಿರ ಮನೆ ಆಗಬೇಕೆಂದು ಹೊರಟಿದ್ದರು, ಏಳುನೂರು ದಾಟಿತ್ತು.

ಕುಸುಮ ಬೆಂಚಿನ ಮೇಲೆ ಕೂತಿದ್ದಳು. ಚೆಲುವರಾಜುವಿನ ಹೆಂಡತಿ. ಇಪ್ಪತ್ತಾರೋ ಇಪ್ಪತ್ತೇಳೋ. ಏಳು ಗಂಟೆಗೆ ಬಂದವಳು ಹಾಗೇ ಕೂತಿದ್ದಳೆಂದು ಕೆಳಗಿನ ಅಂಗಡಿಯವರು ಹೇಳಿದರು. ತಿಂಡಿ ತಿಂದೆಯಾ ಎಂದರೆ ತಿಂದೆ ಎಂದಳು. ತಿಂದಿರಲಿಲ್ಲ.

ನಾಳೆ ಹನ್ನೊಂದನೇ ದಿನದ ತಿಥಿ. ಗಂಡನ ಅಣ್ಣಂದಿರಿಬ್ಬರೂ ಊರಿನಿಂದ ಹೇಳಿ ಕಳಿಸಿದ್ದರು. ಕಳ್ಳತನ ಮಾಡುವಾಗ ಸತ್ತವನ ಎಡೆಗೆ ನಾವು ಕೈ ಮುಗಿಯುವುದಿಲ್ಲ, ನಮ್ಮ ಮಕ್ಕಳಿಗೂ ನಾಳೆ ಹೆಣ್ಣು ಗಂಡು ತರಬೇಕು.

ಅವಳು ಬಳಗಕ್ಕೆ ಬಂದು ಕೇಳಿದ್ದು ಒಂದೇ. ಕಳ್ಳ ಅನ್ನುವ ಮಾತನ್ನು ತೆಗೆಸಿಕೊಡಿ. ಬೇರೆ ಏನೂ ಬೇಡ.

ಮಂಜುಳಮ್ಮ ಬೀರು ತೆಗೆದು ಕಳೆದ ತಿಂಗಳ ಕಟ್ಟು ಇಳಿಸಿದರು. ಸೋಲಾರ್ ಹಾಕಿಸಿದ ಮೇಲೆಯೇ ಹೊಸ ಮನೆಗೆ ಕರೆಂಟು ಎಂಬ ನಿಯಮ ಬಂದಾಗಿನಿಂದ ಒಂದೊಂದು ಮನೆಗೆ ಒಂದೊಂದು ಫಾರಂ. ತಾರಸಿಯ ಮೇಲಿನ ಪ್ಯಾನೆಲ್‌ನ ಫೋಟೊ ಅಂಟಿಸಬೇಕು. ಸೋಲಾರ್ ಮಾರಿದ ಅಂಗಡಿಯವನ ರುಜು. ಕೆಳಗೆ, ನೋಡಿದ್ದೇವೆ ಎಂದು ಬಳಗದ ರುಜು. ಒಂದು ಪ್ರತಿ ಬಳಗದ ಬೀರುವಿಗೆ ಬರುತ್ತಿತ್ತು.

ಅವರು ನಿಂತೇ ಹಾಳೆ ತಿರುವಿದರು. ಕೂರಲು ಆಗಲಿಲ್ಲ. ಹತ್ತು, ಹದಿನೈದು, ಇಪ್ಪತ್ತು. ಎಲ್ಲಾ ಫೋಟೊಗಳಲ್ಲೂ ಅದೇ ನೀಲಿ ಆಕಾಶ, ಅದೇ ಗಾಜಿನ ಹಲಗೆ. ಕೆಳಗೆ ಬೀದಿಯಲ್ಲಿ ಯಾರೋ ಹೂವಿನ ಚೌಕಾಸಿ ಮಾಡುತ್ತಿದ್ದರು. ಕಿಟಕಿ ಹಾಕಿದರು. ಸೆಕೆಯಾಯಿತು. ತೆಗೆದರು.

ಮೂವತ್ತೊಂದನೆಯ ಫೋಟೊದಲ್ಲಿ ಬೆರಳು ನಿಂತಿತು.

ರಾಜೀವನಗರದ ಒಂದು ಹೊಸ ಮನೆ. ಗಾರೆ ಮುಗಿದಿಲ್ಲ. ತಾರಸಿಯ ಒಂದು ಕಡೆ ಇನ್ನೂ ಅಡ್ಡಗೋಡೆಯೇ ಇಲ್ಲ, ಕಬ್ಬಿಣದ ಸರಳುಗಳು ಚಾಚಿವೆ. ನಡುವೆ ಪ್ಯಾನೆಲ್. ಅದರ ಚೌಕಟ್ಟಿನ ಮೂರು ಕಡೆ ಬಿಳಿ ಕೆಂಪು ಪಟ್ಟೆ. ಕೆಳಗಿನ ಕಡೆ ಬರೀ ಬಿಳಿ. ಮೂಲೆಯಲ್ಲಿ ಮೂರು ಬೆರಳಿನ ವಿಭೂತಿ.

ಇನ್ನೂ ಹಾಲುಕ್ಕಿಸದ ಮನೆ. ಬಾಗಿಲೇ ಕೂರಿಸಿಲ್ಲ. ಅಲ್ಲಿ ಯಾರು ನೀರು ತುಂಬುವ ಹಬ್ಬ ಮಾಡುತ್ತಾರೆ?

ಸಿದ್ದಮಲ್ಲಪ್ಪನವರ ಪ್ಯಾನೆಲ್ ಅವರು ಊರಲ್ಲಿಲ್ಲದಾಗ ಯಾದವಗಿರಿಯಿಂದ ರಾಜೀವನಗರಕ್ಕೆ ಹೋಗಿ ಫೋಟೊ ತೆಗೆಸಿಕೊಂಡಿತ್ತು. ಚೆಲುವರಾಜು ಅದನ್ನು ಕದಿಯಲಿಲ್ಲ. ಯಾರೋ ಹೇಳಿದ್ದಕ್ಕೆ ಬಿಚ್ಚಿದ್ದ, ತಿರುಗಿ ಜೋಡಿಸುವವನಿದ್ದ.

ಫಾರಮಿನಲ್ಲಿ ಅಂಗಡಿಯವನ ರುಜು ವಿಶ್ವನಾಥನದು. ಬಳಗ ಶುರುವಾದ ದಿನದಿಂದ ಜೊತೆಗಿದ್ದ, ಚೆಲುವರಾಜುವನ್ನು ಕೆಲಸಕ್ಕಿಟ್ಟುಕೊಂಡಿದ್ದ ವಿಶ್ವನಾಥ್. ಅದರ ಕೆಳಗಿನ ರುಜು ಓದಲು ಮಂಜುಳಮ್ಮನವರಿಗೆ ಕನ್ನಡಕ ಬೇಕಾಗಲಿಲ್ಲ. ಅದು ಅವರದೇ.

ಆ ಮನೆಗೆ ಅವರು ಹೋಗಿಯೇ ಇರಲಿಲ್ಲ.

ಆಗಸ್ಟಿನಲ್ಲಿ ಅವರಿಗೆ ಮಂಡಿನೋವು ಬಂದಿತ್ತು. ವಯಸ್ಸಾದವರು ಒಂದು ರುಜುವಿಗಾಗಿ ಮೂರು ಸಲ ಈ ಮೆಟ್ಟಿಲು ಹತ್ತುವುದನ್ನು ನೋಡಲಾಗದೆ, ಖಾಲಿ ಫಾರಮುಗಳ ಒಂದು ಕಟ್ಟಿಗೆ ಕೂತಲ್ಲೇ ರುಜು ಹಾಕಿ ವಿಶ್ವನಾಥನ ಕೈಗೆ ಕೊಟ್ಟಿದ್ದರು. ಜನಕ್ಕೆ ಸೋಲಾರ್ ಸುಲಭವಾಗಲಿ ಎಂದು.

ಅವರು ಫೋಟೊವನ್ನು ಕುಸುಮಳಿಗೆ ಕೊಟ್ಟು, ನಿನ್ನ ಗಂಡ ಕಳ್ಳನಲ್ಲ ಎನ್ನುವುದಕ್ಕೆ ಇದು ಸಾಕ್ಷಿ ಎಂದರು. ಕುಸುಮ ನೋಡಿ ವಾಪಸು ಕೊಟ್ಟಳು. ಯಾವ ಮನೆ ಎಂದು ಕೇಳಲಿಲ್ಲ.

ಸಬ್ ಇನ್ಸ್‌ಪೆಕ್ಟರ್ ಚಿಕ್ಕಬಸವಯ್ಯನಿಗೆ ಫೋನ್ ಹೋಯಿತು. ಅವನು ಕೆಟ್ಟವನಲ್ಲ, ಅವಸರದವನು. ಪಟ್ಟೆ, ವಿಭೂತಿ ಎಲ್ಲಾ ಸರಿ ಅಮ್ಮ, ಆದರೆ ಅಂಗಡಿಯವನು ಬೇರೆ ಹೇಳಿದಾನಲ್ಲ ಎಂದ. ದೀಪಾವಳಿಗೇ ಚೆಲುವರಾಜು ಕೆಲಸ ಬಿಟ್ಟ, ಆಮೇಲೆ ಮುಖ ನೋಡಿಲ್ಲ ಎಂದು ವಿಶ್ವನಾಥ್ ಬರೆದುಕೊಟ್ಟಿದ್ದಾನೆ. ಅದು ಸುಳ್ಳು ಎಂದು ತೋರಿಸಿದರೆ ವರದಿ ನಿಲ್ಲಿಸುತ್ತೇನೆ. ಐದು ಗಂಟೆಗೆ ನಾನೇ ಫೋನ್ ಮಾಡುತ್ತೇನೆ.

*

ವಿಶ್ವನಾಥನ ಅಂಗಡಿ ಎರಡು ಬೀದಿ ಆಚೆ, ಊಟದ ಹೊತ್ತಿಗೆ ಮುಚ್ಚಿದರೆ ತೆರೆಯುವುದು ನಾಲ್ಕಕ್ಕೆ. ಕುಸುಮ ತಾನೂ ಬರುತ್ತೇನೆಂದಳು. ಬೇಡ ಎಂದರೆ ಕೇಳಲಿಲ್ಲ. ಅಂಗಡಿ ತಲುಪಿದ ಮೇಲೆ ಮಾತ್ರ ಒಳಗೆ ಬರದೆ ಜಗಲಿಯ ಮೇಲೆ ಕೂತಳು.

ಗಿರಾಕಿಗಳು ಇದ್ದರು. ಅವರು ಹೋಗುವವರೆಗೆ ಮಂಜುಳಮ್ಮ ಒಳಗೂ ಹೊರಗೂ ನಡೆದರು. ಒಬ್ಬ ಹೆಂಗಸು ಮೋಡ ಇದ್ದ ದಿನ ಏನು ಮಾಡುವುದೆಂದು ನಾಲ್ಕು ಸಲ ಕೇಳಿದಳು. ವಿಶ್ವನಾಥ್ ನಾಲ್ಕು ಸಲವೂ ಬೇಸರವಿಲ್ಲದೆ ಉತ್ತರ ಕೊಟ್ಟ. ಒಂದು ಮನೆಯ ಗೀಸರ್ ನಿಂತರೆ ರಾಯಚೂರಿನಲ್ಲಿ ಅಷ್ಟು ಕಲ್ಲಿದ್ದಲು ಉಳಿಯುತ್ತದೆ, ಅಷ್ಟು ಹೊಗೆ ನಿಮ್ಮ ಮೊಮ್ಮಕ್ಕಳಿಗೆ ತಪ್ಪುತ್ತದೆ ಎಂದ. ಮಂಜುಳಮ್ಮನವರದೇ ಮಾತು. ದಸರಾ ವಸ್ತುಪ್ರದರ್ಶನದಲ್ಲಿ ಇಬ್ಬರೂ ಪ್ಯಾನೆಲ್ ಇಟ್ಟುಕೊಂಡು, ಜನರ ಬೆರಳನ್ನು ಬಿಸಿನೀರಿಗೆ ಅದ್ದಿಸಿ ನಂಬಿಸಿದ್ದ ವರ್ಷಗಳಿದ್ದವು.

ನಾಲ್ಕೂವರೆಗೆ ಅಂಗಡಿ ಖಾಲಿಯಾಯಿತು. ಅದೇ ಹೊತ್ತಿಗೆ ಕರೆಂಟು ಹೋಯಿತು. ವಿಶ್ವನಾಥ್ ಒಂದು ಸೋಲಾರ್ ಲಾಟೀನು ಹಚ್ಚಿ ಮೇಜಿನ ಮೇಲಿಟ್ಟ.

"ಕೂತ್ಕೊಳ್ಳಿ ಮೇಡಂ. ಆವಾಗಿಂದ ಓಡಾಡ್ತಾನೇ ಇದೀರ."

ಮಂಜುಳಮ್ಮ ಕೂರಲಿಲ್ಲ. ಫಾರಮನ್ನು ಲಾಟೀನಿನ ಕೆಳಗಿಟ್ಟರು.

ಅವನು ಫೋಟೊ ನೋಡಿದ. ಅಲ್ಲಗಳೆಯುತ್ತಾನೆ ಎಂದುಕೊಂಡಿದ್ದರು. ಅವನು ಅಲ್ಲಗಳೆಯಲಿಲ್ಲ. ಕಂಪನಿಯಿಂದ ಎರಡು ತಿಂಗಳಿಂದ ಮಾಲು ಬಂದಿಲ್ಲ ಎಂದ. ಮನೆ ಕಟ್ಟಿಸಿದವರು ಕರೆಂಟಿಲ್ಲದೆ ಒಕ್ಕಲು ಬರುವ ಹಾಗಿಲ್ಲ, ದಿನಾ ಬಂದು ಅಂಗಡಿ ಮುಂದೆ ಕೂರುತ್ತಾರೆ. ಎಲ್ಲಾದರೂ ಊರಿಗೆ ಹೋದವರ ಪ್ಯಾನೆಲ್ ಎರಡು ದಿನಕ್ಕೆ ತರುವುದು, ಫೋಟೊ ತೆಗೆಯುವುದು, ವಾಪಸು ಕೂರಿಸುವುದು. ಮಾಲು ಬಂದ ಮೇಲೆ ಇವರಿಗೂ ಹಾಕಿಕೊಡುವುದು.

"ಮದುವೆಗೆ ಪಕ್ಕದ ಮನೆಯವರ ಸರ ಹಾಕ್ಕೊಂಡು ಹೋಗಲ್ವಾ ಮೇಡಂ. ಅಷ್ಟೇ."

"ಹೀಗೆ ಎಷ್ಟು ಮನೆ?"

"ಹನ್ನೆರಡು."

"ಆಮೇಲೆ ನಿಜವಾಗಿ ಎಷ್ಟಕ್ಕೆ ಬಂತು?"

ವಿಶ್ವನಾಥ್ ಲಾಟೀನಿನ ಗಾಜು ಸರಿಮಾಡಿದ.

ಮಂಜುಳಮ್ಮ ಮಾತನ್ನು ಬೇರೆ ಕಡೆಗೆ ತಿರುಗಿಸಿದರು. ಇಷ್ಟು ಜಾಣತನ ಮಾಡಿದವರು ಈ ಪಟ್ಟೆ ಒರೆಸಿ ಫೋಟೊ ತೆಗೆಯಬಹುದಿತ್ತಲ್ಲ ಎಂದರು. ಒಂದು ಒದ್ದೆ ಬಟ್ಟೆಯ ಕೆಲಸ.

"ಹೇಳಿದೆ ಮೇಡಂ. ಚೆಲುವ ಒಪ್ಪಲಿಲ್ಲ. ಪೂಜೆ ಮಾಡಿರೋದು ಸಾರ್, ಬೇಕಾದ್ರೆ ನೀವೇ ಒರೆಸ್ಕಳಿ ಅಂದ."

"ನೀವೂ ಒರೆಸಲಿಲ್ಲ."

ಅವನ ಕೈ ಹಣೆಗೆ ಹೋಯಿತು. ಬೆಳಗ್ಗೆ ಇಟ್ಟ ವಿಭೂತಿ ಇನ್ನೂ ಇತ್ತು.

"ನಾನೆಂಗೆ ಒರೆಸ್ಲಿ. ನಮ್ಮೋರು ಇಟ್ಟ ವಿಭೂತಿ."

ತಾನು ಏನು ಹೇಳಿಬಿಟ್ಟೆನೆಂದು ಅವನಿಗಿನ್ನೂ ಹೊಳೆದಿರಲಿಲ್ಲ.

"ಕೆಲಸ ಬಿಟ್ಟ, ದೀಪಾವಳಿ ಆದ ಮೇಲೆ ಮುಖ ನೋಡಿಲ್ಲ ಅಂತ ಪೊಲೀಸರಿಗೆ ಬರೆದುಕೊಟ್ಟಿದೀರ," ಎಂದರು ಮಂಜುಳಮ್ಮ. "ಈ ಪಟ್ಟೆ ಬಳಿದದ್ದೇ ಹಬ್ಬದಲ್ಲಿ. ಇದನ್ನ ಒರೆಸು ಅಂತ ನೀವು ಚೆಲುವರಾಜುಗೆ ಯಾವತ್ತು ಹೇಳಿದ್ರಿ?"

ವಿಶ್ವನಾಥ್ ಫಾರಮನ್ನು ತನ್ನ ಕಡೆ ಎಳೆದು, ಕೆಳಗಿನ ರುಜುವಿನ ಮೇಲೆ ಬೆರಳಿಟ್ಟು ತಿರುಗಿಸಿ ಅವರ ಮುಂದಿಟ್ಟ. ದನಿ ಏರಿಸಲಿಲ್ಲ. ಇದು ಹೊರಗೆ ಬಂದರೆ ನನ್ನ ಅಂಗಡಿ ಮುಚ್ಚುತ್ತದೆ, ಮುಚ್ಚಲಿ ಎಂದ. ಆದರೆ ಪೇಪರಿನವರು ಬರೆಯುವುದು ನನ್ನ ಹೆಸರನ್ನಲ್ಲ. ಸೋಲಾರ್ ಬಳಗದ ಮಂಜುಳಮ್ಮ ನೋಡದ ಮನೆಗೆ ರುಜು ಹಾಕಿದರು ಎಂದು. ನಕ್ಷೆಯ ಮೇಲಿನ ಏಳುನೂರು ಚುಕ್ಕೆಯಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ಜನ ಕೇಳುತ್ತಾರೆ. ಇನ್ನು ಹತ್ತು ವರ್ಷ ಈ ಊರಲ್ಲಿ ಸೋಲಾರ್ ಎಂದರೆ ನಗುತ್ತಾರೆ.

"ಸತ್ತವನು ಸತ್ತ. ಅವನ ಹೆಸರಿಗೆ ನಿಮ್ಮ ಹದಿನೈದು ವರ್ಷದ ಕೆಲಸ ಕೊಡ್ತೀರಾ?"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮಂಜುಳಮ್ಮ ಅದನ್ನು ಬೀರುವಿನ ಮುಂದೆ ನಿಂತಾಗಲೇ ಯೋಚಿಸಿದ್ದರು. ಎರಡು ಬೀದಿ ನಡೆಯುವಾಗಲೂ ಯೋಚಿಸಿದ್ದರು.

"ರುಜು ನನ್ನದು," ಎಂದರು. "ನನ್ನದೇ ಅಂತ ಬರೆದುಕೊಡ್ತೀನಿ."

ಫಾರಂ ಮಡಿಸಿ ಚೀಲಕ್ಕೆ ಹಾಕಿಕೊಂಡರು. ಅವರು ಬಾಗಿಲು ತಲುಪಿದಾಗ ವಿಶ್ವನಾಥ್ ಕರೆದ.

"ಮೇಡಂ. ಒಂದು ಪ್ಯಾನೆಲ್ ನಲವತ್ತು ಕೆ.ಜಿ. ಇದೆ. ಒಬ್ಬನೇ ಇಳಿಸೋಕಾಗಲ್ಲ. ಇನ್ನೊಂದು ತುದಿ ಯಾರು ಹಿಡಿದಿದ್ರು ಅಂತ ಯಾಕೆ ಕೇಳ್ತಿಲ್ಲ?"

ಅವರು ತಿರುಗಿದರು.

"ಹೊರಗೆ ಕೂತಿದಾಳಲ್ಲ," ಎಂದ. "ಅವಳನ್ನ ಕೇಳಿ."

*

ಕುಸುಮ ಜಗಲಿಯ ಮೇಲೆ ಮೊಣಕಾಲು ತಬ್ಬಿ ಕೂತಿದ್ದಳು. ಒಳಗಿನ ಮಾತು ಅವಳಿಗೆ ಕೇಳಿತ್ತು. ಕೇಳುವ ಹಾಗೆಯೇ ಅವನು ಆಡಿದ್ದ.

ಮಂಜುಳಮ್ಮ ಅವಳ ಪಕ್ಕ ಕೂತರು. ಬೆಳಗಿನಿಂದ ಅವರು ಕೂತದ್ದು ಅದೇ ಮೊದಲು.

"ಅವತ್ತು ನೀನಿದ್ದೆಯಾ?"

"ಇದ್ದೆ."

ಜೊತೆಯ ಕೆಲಸದವನು ಹಬ್ಬಕ್ಕೆ ಊರಿಗೆ ಹೋದವನು ಬಂದಿರಲಿಲ್ಲ. ಒಂದು ತುದಿ ಹಿಡಿ ಬಾ ಎಂದು ಗಂಡ ಕರೆದಿದ್ದ, ಹೋಗಿದ್ದಳು. ಮಧ್ಯಾಹ್ನ ಹನ್ನೆರಡರ ಬಿಸಿಲು. ಇವಳು ಕೆಳಗಿನ ತುದಿ, ಅವನು ಮೇಲಿನದು. ಅವನು ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದ. ಗಾಜು ಜೋಪಾನ ಎಂದ. ಇವಳು ಗಾಜನ್ನೇ ನೋಡುತ್ತಿದ್ದಳು.

ಮಂಜುಳಮ್ಮನವರಿಗೆ ಎದೆಮಟ್ಟದ ಅಡ್ಡಗೋಡೆ ನೆನಪಾಯಿತು. ಮುರಿಯದ ಗಿಡಗಳು. ಆಮೇಲೆ ಫೋಟೊದಲ್ಲಿ ಚಾಚಿದ್ದ ಸರಳುಗಳು.

"ಅವನು ಯಾದವಗಿರಿಯಲ್ಲಿ ಬೀಳಲಿಲ್ಲ."

"ಇಲ್ಲ ಕಣಮ್ಮ. ರಾಜೀವನಗರದಾಗೆ."

ಪ್ಯಾನೆಲ್ ಅವಳ ಕೈಯಲ್ಲೇ ಉಳಿಯಿತು, ಒಡೆಯಲಿಲ್ಲ. ವಿಶ್ವನಾಥ್ ಕೆಳಗೆ ವ್ಯಾನಿನ ಹತ್ತಿರ ನಿಂತಿದ್ದ. ಬಿದ್ದವನನ್ನು ಅವನೇ ಎತ್ತಿ ವ್ಯಾನಿಗೆ ಹಾಕಿದ. ಆಸ್ಪತ್ರೆಗೆ ಎಂದ. ಪ್ಯಾನೆಲ್ಲನ್ನೂ ಹಾಕಿದ. ದಾರಿಯಲ್ಲಿ ವ್ಯಾನ್ ಬೇರೆ ಕಡೆ ತಿರುಗಿತು. ಈ ಮನೆ ವಿಷಯ ಹೊರಗೆ ಬಂದರೆ ನಿನ್ನ ಗಂಡನೂ ಒಳಗೆ ಹೋಗುತ್ತಾನೆ ಎಂದು ಹೇಳಿದನಂತೆ. ಯಾದವಗಿರಿಯಲ್ಲಿ ರಿಪೇರಿ ಮಾಡುವಾಗ ಬಿದ್ದ ಅಂದರೆ ಕೆಲಸದ ಮೇಲೆ ಬಿದ್ದ ಹಾಗಾಗುತ್ತದೆ. ನಾನೇ ಕಳಿಸಿದ್ದೆ ಎಂದು ಹೇಳುತ್ತೇನೆ. ಮೊದಲು ಅಲ್ಲಿಗೆ ಹೋಗಿ, ಅಲ್ಲಿಂದ ಆಸ್ಪತ್ರೆಗೆ ಫೋನ್ ಮಾಡೋಣ. ನೀನು ಇಲ್ಲೇ ಇಳಿದುಬಿಡು, ನಿನ್ನನ್ನು ನೋಡಿದರೆ ನೂರು ಕೇಳುತ್ತಾರೆ.

ಅವಳು ಇಳಿದಿದ್ದಳು. ಮನೆಗೆ ನಡೆದು ಹೋಗಿ ಒಲೆ ಹಚ್ಚಿದ್ದಳು. ಸಂಜೆ ಸುದ್ದಿ ಬಂತು. ಮರುದಿನ ಬೆಳಗ್ಗೆ ಕಳ್ಳ ಎಂಬ ಮಾತೂ ಬಂತು. ವಿಶ್ವನಾಥ್ ತಾನು ಕಳಿಸಿಲ್ಲ ಎಂದುಬಿಟ್ಟಿದ್ದ.

ಮಂಜುಳಮ್ಮನವರಿಗೆ ಇನ್ನೊಂದು ಪ್ರಶ್ನೆ ಇತ್ತು. ಅದನ್ನು ಕೇಳದೆ ಇರಬಹುದಿತ್ತು.

"ನೀನು ಇಳಿಯುವಾಗ ಅವನು..."

"ಉಸ್ರಿತ್ತು," ಎಂದಳು ಕುಸುಮ. "ನೀರು ಕೇಳುದ್ರು. ನಾನು ಇಳ್ದ್ಬುಟ್ಟೆ."

ಒಳಗೆ ವಿಶ್ವನಾಥ್ ಯಾವುದೋ ಡಬ್ಬಗಳನ್ನು ಜೋಡಿಸಿಡುತ್ತಿದ್ದ ಸದ್ದು. ಬೀದಿಯಲ್ಲಿ ಶಾಲೆ ಬಿಟ್ಟ ಮಕ್ಕಳು. ಮಂಜುಳಮ್ಮನವರ ಚೀಲದಲ್ಲಿ ಫೋನ್ ರಿಂಗಾಯಿತು. ಐದು ಗಂಟೆ.

ಚಿಕ್ಕಬಸವಯ್ಯ ಎಂದಿನ ಅವಸರದಲ್ಲಿದ್ದ. ಕಾಗದ ಮುಂದೆ ಇಟ್ಟುಕೊಂಡಿದ್ದೇನೆ, ಏನಾದರೂ ಸಿಕ್ಕಿತಾ ಎಂದ. ಮಂಜುಳಮ್ಮ ಬಾಯಿ ತೆರೆದರು. ಗಂಡನ ಮೇಲಿನ ಮಾತನ್ನು ಅಳಿಸಬೇಕಾದರೆ ಹೆಂಡತಿಯನ್ನು ಒಪ್ಪಿಸಬೇಕು. ಮುಚ್ಚಿಟ್ಟರೆ ನಾಳೆ ಎಡೆಯ ಮುಂದೆ ಇವಳೊಬ್ಬಳೇ ಕೂರುತ್ತಾಳೆ. ಯಾವುದನ್ನು ಮೊದಲು ಹೇಳುವುದು ತಿಳಿಯದೆ, ಒಂದು ನಿಮಿಷ ಕೊಡಪ್ಪ ಎಂದರು.

ಕುಸುಮ ಕೈ ಚಾಚಿದಳು. ಅವರು ಕೊಡಲಿಲ್ಲ. ಅವಳೇ ಮೆಲ್ಲಗೆ ಬೆರಳು ಬಿಡಿಸಿ ಫೋನ್ ತೆಗೆದುಕೊಂಡಳು.

"ಸಾ, ನಾನು ಚೆಲುವರಾಜು ಹೆಂಡ್ತಿ. ಅವರು ಕದಿಯಾಕೆ ಹೋಗಿರ್ಲಿಲ್ಲ. ಆ ಮಾತ ಹೊಡ್ದಾಕಿ."

ಜೊತೆಗೆ ಯಾರಿದ್ದರೆಂದು ಅವನು ಆ ಕಡೆಯಿಂದ ಕೇಳಿದ. ಮಂಜುಳಮ್ಮ ಫೋನಿಗೆ ಕೈ ಹಾಕಿದರು. ಕುಸುಮ ಎದ್ದು ನಿಂತು ಎರಡು ಹೆಜ್ಜೆ ಆಚೆ ಹೋದಳು.

"ಇನ್ಯಾರೂ ಇರ್ಲಿಲ್ಲ ಸಾ. ನಾನೊಬ್ಳೇ. ನೀರು ಕೇಳುದ್ರು, ಬುಟ್ಬುಟ್ಟು ಬಂದೆ. ನಾನೇ ತಳ್ದೆ ಅಂತ ಬರ್ಕಳಿ."